ಗೋಡೆಯಿಲ್ಲದ ಮನೆಗೆ ನಮ್ಮ ಕಂಬ

ಫೆಬ್ರವರಿ 4, 2018, ಭಾನುವಾರ

ಬಾಯಲ್ಲಿ ಬೈದರೆ ಪಕ್ಕದ ಕೋಣೆಯಲ್ಲಿ ಮಲಗಿರುವ ಅಮ್ಮನಿಗೆ ಕೇಳಿಸುತ್ತದೆ. ಅದಕ್ಕೇ ಬರೆದು ಬೈಯುತ್ತಿದ್ದೇನೆ.

ನನ್ನ ತಮ್ಮ ನೀಲ್‌ಗೆ ತಲೆ ಕೆಟ್ಟಿದೆ. ಇವತ್ತು ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಎದ್ದು ನಿಂತು, ನಮ್ಮ ಕೇರಿಯ ಹಳೇ ಸಭಾಂಗಣ ಒಡೆದು ಆ ಜಾಗದಲ್ಲಿ ಬೈಲೆಯೋ ಕಟ್ಟುತ್ತೇವೆ ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಪಾ ಜೇತ್‌ನಂಥ ಹಿರಿಯನೂ ತಟ್ಟಿದ.

ಬೈಲೆಯೋ ಅಂದರೆ ಏನಂತ ಇವರಿಗೆ ನೆನಪಿದೆಯೇ? ಊರಿನವರು ಕೂತು ಮಾತಾಡಿ ತೀರ್ಮಾನ ಮಾಡುವ ಮನೆ ಅದು. ಕಂಬಗಳ ಮೇಲೆ ಎತ್ತಿದ ಹಲಗೆಯ ನೆಲ, ಮೇಲೊಂದು ದೊಡ್ಡ ಸೂರು, ಸುತ್ತ ಗೋಡೆಯಿಲ್ಲ. ಸತ್ತ ಹಿರಿಯರು ಗಾಳಿಯ ಜೊತೆ ಬಂದು, ಕೂತು, ಕೇಳಿಸಿಕೊಂಡು ಹೋಗಲಿ ಅಂತ ಗೋಡೆಯಿಲ್ಲ. ಒಂದೊಂದು ವಂಶಕ್ಕೆ ಒಂದೊಂದು ಕಂಬ. ಅದನ್ನು ಕಟ್ಟಬೇಕಾದ್ದು ಕಡಲಾಚೆಯ ಮೊಲುಕ್ಕಾದಲ್ಲಿ, ಸಪರೂವಾ ದ್ವೀಪದ ನಮ್ಮ ಊರಲ್ಲಿ. ಹಾಲೆಂಡಿನ ಈ ಮೂಲೆಯಲ್ಲಿ ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಕಡೆ ಮುಖ ಮಾಡಿ ಅಲ್ಲ.

ಅಪ್ಪ ಆಗ ನಮ್ಮ ದ್ವೀಪಗಳನ್ನು ಆಳುತ್ತಿದ್ದ ಡಚ್ಚರ ಸೈನ್ಯದಲ್ಲಿದ್ದವನು. ಐವತ್ತೊಂದರಲ್ಲಿ ಹಡಗು ಹತ್ತಿಸುವಾಗ ಆರೇ ತಿಂಗಳು, ಆಮೇಲೆ ವಾಪಸ್ಸು ಅಂದಿದ್ದರು. ಇಲ್ಲಿ ಇಳಿಯುತ್ತಿದ್ದಂತೆ ಸೈನ್ಯದಿಂದ ತೆಗೆದುಹಾಕಿ, ಮುಳ್ಳುತಂತಿಯೊಳಗಿನ ಮರದ ಶೆಡ್ಡುಗಳಿಗೆ ತುಂಬಿದರು. ಅಪ್ಪ ಸಾಯುವವರೆಗೂ ಆ ಆರು ತಿಂಗಳು ಮುಗಿಯಲಿ ಅಂತ ಕಾದ. ಈ ಕೇರಿಯ ಇಟ್ಟಿಗೆ ಮನೆಗೆ ಬಂದ ಮೇಲೂ ಹಿತ್ತಲಲ್ಲಿ ಒಂದು ಗಿಡ ನೆಡಲಿಲ್ಲ, ನಮಗೂ ನೆಡಲು ಬಿಡಲಿಲ್ಲ. ಮೆಣಸಿನ ಗಿಡವೂ ಡಬ್ಬಿಯಲ್ಲೇ. "ನೆಟ್ಟರೆ ಬೇರು ಬಿಡುತ್ತೆ" ಅನ್ನುತ್ತಿದ್ದ.

ಇಲ್ಲಿ ಬೈಲೆಯೋ ಕಟ್ಟುವುದು ಅಂದರೆ ಅಪ್ಪ ಸೋತ ಅಂತ ಮರದಲ್ಲಿ ಬರೆದು ನಿಲ್ಲಿಸಿದ ಹಾಗೆ. ನಾನು ಒಪ್ಪುವುದಿಲ್ಲ.

ಫೆಬ್ರವರಿ 7

ನೀಲ್ ಬಂದಿದ್ದ. ಅರವತ್ತರ ಹತ್ತಿರ ಬಂದರೂ ಊಸಿ ಊಸಿ ಅಂತ ಅಕ್ಕನ ಅಡುಗೆಮನೆಗೇ ನುಗ್ಗುತ್ತಾನೆ. ಹಳದಿ ಮೀನುಸಾರು ಇತ್ತು, ಬಡಿಸಿದೆ. ಬಡಿಸಿದ್ದಕ್ಕೆ ಈಗ ಸಿಟ್ಟು ಬರುತ್ತಿದೆ.

"ಊಸಿ, ಭಾನುವಾರ ನೀನು ಚಪ್ಪಾಳೆ ತಟ್ಟಲಿಲ್ಲ."

"ಕೈ ನೋವು."

"ಎರಡೂ ಕೈನಾ?"

"ಅಪ್ಪ ಇದ್ದಿದ್ರೆ ನಿನ್ನ ಕೆನ್ನೆಗೆ ಬಿಡ್ತಿದ್ದ."

"ಅಪ್ಪ ಹೋಗಿ ಎಷ್ಟು ವರ್ಷ ಆಯ್ತು ಊಸಿ. ನಮ್ಮ ಮೊಮ್ಮಕ್ಕಳಿಗೆ ಊರು ಅಂದ್ರೆ ಗೋಡೆ ಮೇಲಿನ ಫೋಟೊ. ಅವರು ಹೋಗಿ ಕೂತ್ಕೊಳ್ಳೋಕೆ ನಮ್ಮದು ಅಂತ ಒಂದು ಜಾಗ ಬೇಡ್ವಾ?"

"ಕೂತ್ಕೊಳ್ಳೋಕೆ ಕುರ್ಚಿ ಸಾಕು."

ನಕ್ಕು ಇನ್ನೊಂದು ತುಂಡು ಮೀನು ಹಾಕಿಸಿಕೊಂಡ. ಅಮ್ಮ ಮೇಜಿನ ಆ ತುದಿಯಲ್ಲಿ ಮುಳ್ಳು ಬಿಡಿಸುತ್ತ ಕೂತಿದ್ದಳು. ಎಂಬತ್ತೈದು ವರ್ಷದ ಜೀವ. ಮಗ ಇಂಥ ಮಾತಾಡಿದರೆ ನೋವಾಗದೇ ಇರುತ್ತದೆಯೇ? ಬಾಯಿಬಿಟ್ಟು ಹೇಳುವ ಜಾತಿಯವಳಲ್ಲ. ಅವಳ ಪರವಾಗಿ ನಾನಾದರೂ ಮಾತಾಡಬೇಕು.

ಮಾರ್ಚ್ 15

ನಕ್ಷೆ ತೋರಿಸುವ ಸಭೆ. ನನ್ನ ವಿರೋಧ ಎಲ್ಲರೆದುರು ಹೇಳಿಬರೋಣ ಅಂತಲೇ ಹೋದೆ.

ನಕ್ಷೆ ಬರೆದವಳು ನೀಲ್‌ನ ಮಗಳು ಯೆಮಿಮಾ. ವಾಸ್ತುಶಿಲ್ಪ ಓದಿದ್ದಾಳೆ, ದೊಡ್ಡ ದೊಡ್ಡ ಕಟ್ಟಡ ಮಾಡಿದ್ದಾಳಂತೆ. ತಾಯಿ ಡಚ್ಚಳು. ನಮ್ಮ ಭಾಷೆಯಲ್ಲಿ ಊಟ ಆಯ್ತಾ ಅಂತ ಕೇಳಲು ಬರುತ್ತದೆ, ಉತ್ತರ ಉದ್ದ ಆದರೆ ಅರ್ಥವಾಗುವುದಿಲ್ಲ. ಅವಳು ಪರದೆಯ ಮೇಲೆ ಚಿತ್ರ ಹಾಕಿದಳು. ನಾಲ್ಕೂ ಕಡೆ ಗಾಜು.

"ಇದೇನಿದು, ಮೀನಿನ ತೊಟ್ಟಿನಾ?" ಅಂದೆ.

"ತಾಂತೆ ಮಿನಾ, ಇಲ್ಲಿನ ಗಾಳಿ ನಿಮಗೇ ಗೊತ್ತಲ್ಲ. ಗಾಜಾದ್ರೆ ಹೊರಗಿಂದೆಲ್ಲ ಕಾಣುತ್ತೆ. ಗೋಡೆ ಇಲ್ಲದ ಹಾಗೇ ಇರುತ್ತೆ."

"ಕಾಣೋದು ಬದುಕಿರೋರಿಗೆ. ಸತ್ತೋರು ಒಳಗೆ ಹೇಗೆ ಬರ್ತಾರೆ? ಬೆಲ್ ಒತ್ತಿ ಬರ್ತಾರಾ?"

ಎಲ್ಲರೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಸಿಟ್ಟು ನೆತ್ತಿಗೇರಿತು. ಎದ್ದು ಪರದೆಯ ಹತ್ತಿರ ಹೋಗಿ ತೋರಿಸಿದೆ. ನೆಲ ಯಾಕೆ ನೆಲದ ಮಟ್ಟಕ್ಕಿದೆ, ಹತ್ತಿ ಹೋಗಬೇಕು. ಸೂರಿನ ಅಂಚು ಯಾಕೆ ಇಷ್ಟು ಮೇಲೆ, ಎಷ್ಟೇ ದೊಡ್ಡ ಮನುಷ್ಯನಾದರೂ ತಲೆ ಬಗ್ಗಿಸಿ ಒಳಗೆ ಬರಬೇಕು. ಮಧ್ಯೆ ಈ ಕಾಫಿ ಕೌಂಟರ್ ಯಾಕೆ, ಮಧ್ಯೆ ಏನೂ ಇರಬಾರದು. ಅವಳು ಒಂದು ಮಾತೂ ಎದುರಾಡದೆ ಬರೆದುಕೊಂಡಳು.

ಮನೆಗೆ ಬರುವಾಗ ಹೊಳೆಯಿತು. ವಿರೋಧ ಹೇಳುವುದೇ ಮರೆತುಹೋಗಿದೆ. ಮುಂದಿನ ಸಭೆಯಲ್ಲಿ ಹೇಳುತ್ತೇನೆ.

ಏಪ್ರಿಲ್ 11

ಯೆಮಿಮಾ ರಟ್ಟಿನ ಮಾದರಿ ಹಿಡಿದುಕೊಂಡು ಮನೆಗೇ ಬಂದಳು. ಬರಬೇಡ ಅಂದಿದ್ದೆ. ಗಾಜು ತೆಗೆದಿದ್ದಾಳೆ. ನೆಲ ಎತ್ತಿದ್ದಾಳೆ. ಸೂರು ಮಾತ್ರ ಟೋಪಿ ಜಾರಿದ ಹಾಗೆ.

"ಸಾಗೂ ತಾಳೆಮರದ ಗರಿ ಹೊದಿಸಬೇಕು," ಅಂದೆ. "ಹೆಂಚು ಗಿಂಚು ಅಂತ ಬಂದರೆ ನೋಡು."

"ಅಗ್ನಿಶಾಮಕದವರು ಗರಿ ಒಪ್ಪಲ್ಲ ತಾಂತೆ."

"ಅವರು ಒಪ್ಪದಿದ್ರೆ ಕಟ್ಟಬೇಡ. ಗರಿ ಇಲ್ಲದ ಬೈಲೆಯೋ ಎಲ್ಲಿದೆ?"

ಕಿಟಕಿ ಹತ್ತಿರ ಕೂತಿದ್ದ ಅಮ್ಮ ತಿರುಗಿದಳು. "ನಮ್ಮೂರಿಂದು ತಗಡು," ಅಂದಳು.

"ಏನು?"

"ನಾನು ಮದುವೆಯಾಗಿ ಬರೋ ಹೊತ್ತಿಗೇ ತಗಡು ಹಾಕಿದ್ರು. ಗರಿ ಸೋರ್ತಿತ್ತು. ಮಳೆ ಬಂದ್ರೆ ಮಾತೇ ಕೇಳಿಸ್ತಿರಲಿಲ್ಲ, ಎಲ್ಲ ಕಿರುಚಾಡೋರು."

ಅಷ್ಟು ಮಾತ್ರ ಯೆಮಿಮಾಗೆ ಅರ್ಥವಾಯಿತು, ಮುಖ ಆ ಕಡೆ ತಿರುಗಿಸಿ ನಕ್ಕಳು. ಅಮ್ಮನೂ ನಕ್ಕಳು. ಗರಿಯ ಸೂರು ಅಂತ ಅಪ್ಪ ನಮಗೆ ಚಿಕ್ಕಂದಿನಿಂದ ಹೇಳಿಕೊಂಡು ಬಂದದ್ದು ಹಾಗಾದರೆ ಎಲ್ಲಿಯದು? ನನ್ನ ಮನೆಯಲ್ಲಿ, ನನ್ನ ಚಹಾ ಕುಡಿಯುತ್ತ, ಇಬ್ಬರೂ ನನ್ನನ್ನೇ ನೋಡಿ ನಗುತ್ತಾರೆ.

ಆ ಸೂರಿನ ಇಳಿಜಾರು ತಪ್ಪು ಅಂತ ಹೇಳಿಕಳಿಸಿದ್ದೇನೆ. ರಟ್ಟನ್ನು ಮುರಿದು ತೋರಿಸಬೇಕಾಯಿತು.

ಮೇ 3

ನಗರಸಭೆಯಿಂದ ತೀಮೆನ್ ಅನ್ನುವವನು ಬಂದಿದ್ದ. ನಮ್ಮ ಕೇರಿ ನೋಡಿಕೊಳ್ಳುವುದು ಅವನ ಕೆಲಸವಂತೆ. ಎತ್ತರದ ಆಳು, ಮೆತ್ತಗಿನ ದನಿ, ಪ್ರತಿ ಮಾತಿಗೂ ಕ್ಷಮಿಸಿ.

"ಕ್ಷಮಿಸಿ, ಗೋಡೆ ಇಲ್ಲದ್ದನ್ನ ಸಭಾಂಗಣ ಅಂತ ಮಂಜೂರು ಮಾಡೋಕಾಗಲ್ಲ. ನಿಯಮದ ಪ್ರಕಾರ ಅದು ಬಸ್ ಸ್ಟಾಪಿನ ಗುಂಪಿಗೆ ಸೇರುತ್ತೆ."

ಬಸ್ ಸ್ಟಾಪು. ನೀಲ್ ತಲೆ ಬಗ್ಗಿಸಿ ಕೂತ. ಬಾಪಾ ಜೇತ್ ತನ್ನ ಊರುಗೋಲು ನೋಡುತ್ತ ಕೂತ.

"ಜೊತೆಗೆ ಶಾಖ ಎಲ್ಲ ಸೋರಿಹೋಗುತ್ತೆ," ಅಂದ.

"ಶಾಖ ಇದ್ರೆ ತಾನೇ ಸೋರೋದು," ಅಂದೆ.

"ಕ್ಷಮಿಸಿ ಮೇಡಂ, ನಿಮ್ಮ ವಯಸ್ಸಾದೋರ ಬಗ್ಗೆ ಯೋಚನೆ ಮಾಡಿ ಹೇಳ್ತಿದೀನಿ. ಚಳಿಗಾಲದಲ್ಲಿ ಅವರ ಗತಿ?"

"ನಮ್ಮ ವಯಸ್ಸಾದೋರು ಹತ್ತಿ ಬಟ್ಟೇಲಿ ಹಡಗಿಳಿದೋರು. ಗಾಳಿ ನುಗ್ಗೋ ಮರದ ಶೆಡ್ಡಲ್ಲಿ ನಿಮ್ಮ ದೇಶದ ಮೊದಲನೇ ಚಳಿಗಾಲ ಕಳೆದೋರು. ಆಗ ಶಾಖ ಎಲ್ಲಿಂದ ಸೋರುತ್ತೆ ಅಂತ ಅಳೆಯೋಕೆ ನಿಮ್ಮ ಕಡೆಯೋರು ಯಾರೂ ಬಂದಿರಲಿಲ್ಲ. ಈಗ ನಮ್ಮ ಶಾಖದ ಚಿಂತೆ ಬಂತಾ ನಿಮಗೆ?"

ಅವನ ಕಿವಿ ಕೆಂಪಾಯಿತು. ಇನ್ನೂ ಏನೇನೋ ಅಂದೆ. ಗಂಟಲು ಇನ್ನೂ ಉರಿಯುತ್ತಿದೆ.

ಹೊರಗೆ ಬಂದ ಮೇಲೆ ನೀಲ್ ಪಕ್ಕಕ್ಕೆ ಬಂದ. "ಊಸಿ, ಒಂದು ಕೇಳ್ತೀನಿ, ಬೈಬೇಡ. ನೀನು ಯಾವ ಕಡೆ?"

"ನಾನು ವಿರುದ್ಧ. ಆದ್ರೆ ಬೇಡ ಅನ್ನೋದಿದ್ರೆ ನಾವು ಅನ್ನಬೇಕು, ಅವನಲ್ಲ."

ಮೇ 20, ಭಾನುವಾರ

ಈಗ ಕಂಬದ ಜಗಳ. ಕೇರಿಯಲ್ಲಿರುವ ಒಂಬತ್ತು ವಂಶಗಳು ಒಂದೊಂದು ಕಂಬ ಕೊಡಬೇಕಂತೆ. ಎಂಟು ಮನೆಯವರು ಹೂಂ ಅಂದಾಯಿತು. ಬಾಗಿಲ ಕಡೆಯ ಕಂಬ ಯಾರದು ಅಂತ ಮಾನುಪುತಿ ಮನೆಯವರೂ ಸೌಇಸಾ ಮನೆಯವರೂ ಮಾತು ಬಿಟ್ಟೂ ಆಯಿತು. ಬಾಗಿಲೇ ಇಲ್ಲದ ಮನೆಗೆ ಬಾಗಿಲ ಕಡೆ ಬೇರೆ.

ಸಂಜೆ ಬಾಪಾ ಜೇತ್ ಬಂದ. ಅಪ್ಪನ ಜೊತೆ ಒಂದೇ ಹಡಗಿನಲ್ಲಿ ಬಂದ ಮಗು ಅವನು. ಆಗ ಹತ್ತು ವರ್ಷದ ಹುಡುಗ, ಈಗ ಊರುಗೋಲು.

"ಮಿನಾ, ನಿಮ್ಮ ಲಾವಲಾತಾ ವಂಶದ ಕಂಬ ಇಲ್ಲದೆ ನಿಲ್ಲಿಸೋಕೆ ನನ್ನ ಮನಸ್ಸು ಒಪ್ಪಲ್ಲ ಮಗಳೇ. ನೀಲ್ ಕೊಡ್ತೀನಿ ಅಂತಾನೆ, ಆದ್ರೆ ನೀನು ಹೂಂ ಅನ್ನದೆ ಮುಟ್ಟಲ್ಲ ಅಂತಾನೆ."

"ನಮ್ಮ ಕಂಬ ಊರಲ್ಲಿ ನಿಂತಿದೆ ಬಾಪಾ. ಒಂದು ವಂಶಕ್ಕೆ ಎರಡು ಕಂಬ ಎಲ್ಲಾದ್ರೂ ಉಂಟಾ?"

"ಎರಡು ಕಡೆ ಬದುಕೋದು ಎಲ್ಲಾದ್ರೂ ಉಂಟಾ? ನಾವು ಬದುಕಲಿಲ್ವಾ?"

"ನೀವು ಬದುಕಿದ್ರಿ. ಅಪ್ಪ ಕಾದ."

ಅವನು ಊರುಗೋಲು ಊರಿ ಎದ್ದುಹೋದ. ಹೋಗುವಾಗ ಅಮ್ಮನ ಕೈ ಹಿಡಿದು ಏನೋ ಅಂದ. ಅಮ್ಮ ತಲೆಯಾಡಿಸಿದಳು. ಏನಂದ ಅಂತ ಕೇಳಿದರೆ "ಚಳಿ ಅಂದ" ಅಂದಳು. ಮೇ ತಿಂಗಳಲ್ಲಿ.

ಜೂನ್ 2

ತಲೆನೋವು. ಯಾರ ಫೋನೂ ಎತ್ತಲಿಲ್ಲ.

ಜೂನ್ 12

ಮಂಜೂರಾಯಿತು. ಹಳೇ ಸಭಾಂಗಣದ ಅರ್ಧ ಉಳಿಸಿ, ಹೀಟರ್ ಹಾಕಿದ ಒಂದು ಕೋಣೆ ಮತ್ತು ಅಡುಗೆಮನೆ ಮಾಡುತ್ತಾರೆ. ಅದರ ಮುಂದೆ ಬೈಲೆಯೋ, ಗೋಡೆಯಿಲ್ಲದೆ. ಯೆಮಿಮಾ ಹುಡುಕಿದ ದಾರಿ. ಕಾಗದದಲ್ಲಿ ಅದರ ಹೆಸರು 'ಸೂರಿರುವ ಹೊರಾಂಗಣ'.

ಹೊರಾಂಗಣವಂತೆ. ನಮ್ಮ ಹಿರಿಯರ ಮನೆ ಇವರ ಲೆಕ್ಕದಲ್ಲಿ ಅಂಗಳ. ನೀಲ್ ಬಾಟಲಿ ತೆಗೆದು ಕುಡಿಸುತ್ತಿದ್ದಾನೆ. ಹೆಸರು ಬದಲಾಯಿಸುವವರೆಗೆ ನಾನು ಒಂದು ತೊಟ್ಟೂ ಮುಟ್ಟುವುದಿಲ್ಲ.

ಜೂನ್ 19

ಇವತ್ತಿನಷ್ಟು ಸಿಟ್ಟು ನನಗೆ ಯಾವತ್ತೂ ಬಂದಿಲ್ಲ.

ಒಂಬತ್ತನೇ ಕಂಬ ಇಲ್ಲದಿದ್ದರೆ ಸೂರು ನಿಲ್ಲುವುದಿಲ್ಲವಂತೆ. ಆ ಮೂಲೆಗೆ ಏನಾದರೂ ಒಂದು ನಿಲ್ಲಿಸಲೇಬೇಕು. ಅದಕ್ಕೆ ನಮ್ಮ ಕೇರಿಯ ಮನೆಗಳ ಮಾಲೀಕ ಸಂಸ್ಥೆಯವರು, ಯಾರೂ ಕೊಡದಿದ್ದರೆ ಆ ಕಂಬ ನಮ್ಮದಾಗಲಿ, ನಮ್ಮ ಹೆಸರಿನ ಒಂದು ಫಲಕ ಹಾಕಿಸಿದರೆ ಸಾಕು ಅಂದಿದ್ದಾರೆ. ತೀಮೆನ್ ಇದನ್ನು ಸಿಹಿ ಸುದ್ದಿಯ ಹಾಗೆ ತಂದು ಹೇಳಿದ.

ಅಪ್ಪ ಕೂರಬೇಕಾದ ಜಾಗದಲ್ಲಿ ನಮ್ಮ ಬಾಡಿಗೆ ವಸೂಲಿ ಮಾಡುವವರ ಹೆಸರು.

"ನೀನೇ ಬಿಟ್ಟ ಜಾಗ ಅಲ್ವಾ ಊಸಿ," ಅಂದ ನೀಲ್. ಮೆಲ್ಲಗೆ ಅಂದ. ಕೈಯಲ್ಲಿದ್ದ ಬಟ್ಟಲು ಗೋಡೆಗೆ ಹೊಡೆದೆ. ಸಭೆ ಅಲ್ಲಿಗೇ ಮುಗಿಯಿತು.

ಜೂನ್ 20

ಬೆಳಿಗ್ಗೆ ಅಡುಗೆಮನೆಯಲ್ಲಿ ನಿನ್ನೆಯದನ್ನೇ ಮತ್ತೆ ಕಿರುಚುತ್ತಿದ್ದೆ. ಅಮ್ಮ ಬೀನ್ಸಿನ ನಾರು ತೆಗೆಯುತ್ತಿದ್ದಳು.

"ಮಿನಾ, ಕೂತ್ಕೊ. ನಮ್ಮ ಕಂಬ ಕೊಡು."

"ಅಮ್ಮ, ಅಪ್ಪ ಏನಂತಿದ್ದ ಅಂತ ನಿಂಗೆ ಮರೆತುಹೋಯ್ತಾ?"

"ಮರೆಯೋದೆಲ್ಲಿಂದ. ವಾಪಸ್ ಹೋಗೋಣ, ವಾಪಸ್ ಹೋಗೋಣ ಅಂತ ಸಾಯೋತನಕ ಅಂದ. ನೀನು ಬರ್ತೀಯಾ ಅಂತ ನನ್ನ ಒಂದು ದಿನ ಕೇಳಿದ್ನಾ?"

ನಾನು ಅವಳ ಮುಖ ನೋಡಿದೆ. ಅವಳು ಬೀನ್ಸು ನೋಡುತ್ತಿದ್ದಳು.

"ನಿಂಗೆ ಹೋಗೋ ಆಸೆ ಇರಲಿಲ್ವಾ?"

"ಹಡಗಲ್ಲಿ ಇದ್ದಾಗ ಇತ್ತು. ಮೊದಲನೇ ಚಳಿಗಾಲ ಕಳೆದ ಮೇಲೆ ಇರಲಿಲ್ಲ."

ನನಗಿಂತ ಮುಂಚೆ ಒಬ್ಬ ಹುಟ್ಟಿ ತೀರಿಕೊಂಡಿದ್ದ ಅಂತ ನನಗೆ ಗೊತ್ತಿತ್ತು. ಹೊಸೇಯ ಅಂತ ಹೆಸರು. ಮನೆಯಲ್ಲಿ ಯಾರೂ ಅವನ ಮಾತು ಎತ್ತುತ್ತಿರಲಿಲ್ಲ. ಅಮ್ಮ ಇವತ್ತು ಎತ್ತಿದಳು. ನಾಲ್ಕು ತಿಂಗಳ ಕೂಸು. ಶೆಡ್ಡಿನ ಹಲಗೆ ಸಂದಿಯಿಂದ ಹಿಮ ಒಳಗೆ ಬರುತ್ತಿತ್ತಂತೆ. ಇದ್ದ ಬಟ್ಟೆಯನ್ನೆಲ್ಲ ಸುತ್ತಿದರೂ ಕೆಮ್ಮು ನಿಲ್ಲಲಿಲ್ಲ. ಶಿಬಿರದ ಹತ್ತಿರದ ಹಳ್ಳಿಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ನೆಲ ಗಟ್ಟಿಯಾಗಿ ಗುದ್ದಲಿಗೆ ಸಿಗುತ್ತಿರಲಿಲ್ಲವಂತೆ.

"ಅವನನ್ನ ಇಲ್ಲಿ ಬಿಟ್ಟು ನಾನು ಎಲ್ಲಿಗೆ ಹೋಗ್ಲಿ? ನಿಮ್ಮಪ್ಪ ಬೇರು ಬಿಡಬಾರದು ಅಂತ ಮೆಣಸಿನ ಗಿಡ ಡಬ್ಬೀಲಿ ಬೆಳೆಸ್ದ. ನಾನು ಅಷ್ಟೊತ್ತಿಗೆ ಮಗೂನ ಈ ಮಣ್ಣಿಗೆ ಹಾಕಿಯಾಗಿತ್ತು."

"ಅಪ್ಪಂಗೆ ಹೇಳಲಿಲ್ವಾ?"

"ಹೇಳಿದ್ರೆ ಅವನು ಏನಾಗ್ತಿದ್ದ? ಆ ಆಸೆ ಒಂದೇ ಅವನಿಗಿದ್ದದ್ದು."

ಮತ್ತೆ ನಾರು ತೆಗೆಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ, "ಅವನ ಮಣ್ಣು ಒಂದು ಹಿಡಿ ತಂದು ಕಂಬದ ಕೆಳಗೆ ಹಾಕಬೇಕು," ಅಂದಳು. ಮಾರ್ಕೆಟ್ಟಿಂದ ಈರುಳ್ಳಿ ತಾ ಅನ್ನುವ ದನಿಯಲ್ಲಿ.

ಜೂನ್ 23

ಅಪ್ಪನ ಮೇಲೆ ಸಿಟ್ಟು ಬರುತ್ತಿದೆ. ಇಷ್ಟು ವರ್ಷದಲ್ಲಿ ಇದು ಮೊದಲ ಸಲ. ಅಡುಗೆಮನೆಯಲ್ಲಿ ಅವನ ಫೋಟೊ ಇದೆ, ಸಮವಸ್ತ್ರದಲ್ಲಿ. ಪಾತ್ರೆ ತೊಳೆಯುವಾಗ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತೇನೆ.

ಜೂನ್ 25

ನೀಲ್‌ಗೆ ಫೋನ್ ಮಾಡಿ ಕಂಬ ಕೊಡುತ್ತೇವೆ ಅಂದೆ. "ಯಾಕೆ ಊಸಿ?" ಅಂದ. ಫಲಕ ಹಾಕುವವರಿಗೆ ಜಾಗ ಸಿಗಬಾರದು ಅಂತ, ಇನ್ನೇನಿಲ್ಲ ಅಂದೆ. ಕಟ್ಟುವುದಕ್ಕೆ ನನ್ನ ಒಪ್ಪಿಗೆ ಈಗಲೂ ಇಲ್ಲ, ಅದನ್ನೂ ಹೇಳಿದೆ. ಹೊಸೇಯನ ವಿಷಯ ಹೇಳಿದಾಗ, ಆ ಸ್ಮಶಾನಕ್ಕೆ ತಾನೇ ಕಾರು ಓಡಿಸುತ್ತೇನೆ ಅಂದ.

ಜುಲೈ 7

ಮೂವರೂ ಹೋದೆವು. ನೀಲ್ ಕಾರು ಓಡಿಸಿದ. ಅಮ್ಮನ ಗಾಲಿಕುರ್ಚಿ ಹಿಂದೆ.

ಸಮಾಧಿ ಇಲ್ಲ. ಅಲ್ಲಿ ಹುಲ್ಲು. ಕತ್ತರಿಸಿ ಒಪ್ಪ ಮಾಡಿದ ಹುಲ್ಲು, ಅದರ ಮೇಲೆ ಒಂದು ಬೆಂಚು.

ಕಾವಲಿನವನು ಬಂದ. ದೊಡ್ಡ ಮೀಸೆಯ, ನನ್ನದೇ ವಯಸ್ಸಿನ ಮನುಷ್ಯ. "ಮೂವತ್ತು ವರ್ಷ ಆದ್ಮೇಲೆ ಮನೆಯೋರು ಜಾಗದ ಬಾಡಿಗೆ ಕಟ್ಟಿ ಮುಂದುವರಿಸದಿದ್ರೆ ತೆರವು ಮಾಡ್ತಾರೆ ಮೇಡಂ. ಎಲ್ಲರಿಗೂ ಅದೇ ನಿಯಮ."

"ತೆರವು ಮಾಡಿ ಎಲ್ಲಿಗೆ ಹಾಕ್ತೀರಿ?"

"ಆ ಮೂಲೇಲಿ ಒಟ್ಟಿಗೆ. ಸಣ್ಣ ಮಕ್ಕಳದ್ದಾದ್ರೆ ಸಾಮಾನ್ಯವಾಗಿ ಏನೂ ಉಳಿದಿರಲ್ಲ."

ನಾನು ಏನು ಕಿರುಚಿದೆ ಅಂತ ಈಗ ನೆನಪಿಲ್ಲ. ದೂರದಲ್ಲಿ ಹೂವಿಡುತ್ತಿದ್ದ ಹೆಂಗಸು ತನ್ನ ಚೀಲ ಎತ್ತಿಕೊಂಡು ಹೊರಟುಹೋದಳು. ನೀಲ್ ನನ್ನ ತೋಳು ಹಿಡಿದ, ಕೊಡವಿಬಿಟ್ಟೆ. ಆಮೇಲೆ ಅಮ್ಮ ಅಂದಳು, "ಸಾಕು ಮಿನಾ. ನಂಗೆ ಗೊತ್ತಿತ್ತು."

"ಯಾವಾಗಿಂದ?"

"ಹುಲ್ಲು ಹಾಕಿದ ವರ್ಷದಿಂದ. ಪ್ರತಿ ಜನವರಿ ಬಸ್ಸಲ್ಲಿ ಬರ್ತಿದ್ದೆ. ನೀನು ಕೆಲಸಕ್ಕೆ ಹೋಗಿರ್ತಿದ್ದೆ. ಕಾಲು ಸೋತ ಮೇಲೆ ನಿಂತಿತು."

"ನಮಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಹೀಗೆ ಕಿರುಚ್ತಿದ್ದೆ."

ಬೀಚ್ ಮರದ ಬೇಲಿಯ ಕಡೆ ಕೈ ಮಾಡಿ, ಕುರ್ಚಿ ಇನ್ನೂ ಸ್ವಲ್ಪ ಮುಂದೆ, ಇನ್ನೂ ಸ್ವಲ್ಪ, ಇಲ್ಲೇ, ಅಂದಳು. ನಾನು ಮಂಡಿಯೂರಿ ಉಗುರಿನಿಂದಲೇ ಹುಲ್ಲು ಕೀಳತೊಡಗಿದೆ.

"ಇಲ್ಲಿ ಅಗೆಯೋ ಹಾಗಿಲ್ಲ ಮೇಡಂ," ಅಂದ ಮೀಸೆಯವನು.

"ನೀವು ಅಗೆದಾಗ ನಮ್ಮನ್ನ ಕೇಳಿದ್ರಾ?"

ಅವನು ತಿರುಗಿ ಹೋದ. ಯಾರನ್ನೋ ಕರೆತರಲು ಹೋದ ಅಂದುಕೊಂಡು ನಾನು ಬೇಗ ಬೇಗ ಕಿತ್ತೆ. ಬಂದಾಗ ಅವನ ಕೈಯಲ್ಲಿ ತೋಟದ ಸಣ್ಣ ಕರಣೆ ಇತ್ತು. ನನ್ನ ಪಕ್ಕದಲ್ಲಿ ಇಟ್ಟು, ಬೆನ್ನು ತಿರುಗಿಸಿ ನಿಂತ.

ಬೈಯಬೇಕಾದವನನ್ನು ಪೂರ್ತಿ ಬೈಯಲೂ ಬಿಡಲಿಲ್ಲ. ಅದಕ್ಕೂ ಸಿಟ್ಟು.

ಮಣ್ಣು ಅಮ್ಮನ ಕರವಸ್ತ್ರದಲ್ಲಿದೆ. ಮಡಿಲಲ್ಲಿ ಇಟ್ಟುಕೊಂಡು ಬಂದಳು. ಕಾರಿನಲ್ಲಿ ನೀಲ್ ಅಳುತ್ತಿದ್ದ ಅನಿಸುತ್ತದೆ, ನಾನು ನೋಡಲಿಲ್ಲ.

ಆಗಸ್ಟ್ 28

ಕಟ್ಟುವ ಗುತ್ತಿಗೆದಾರನ ಜೊತೆ ಜಗಳ. ಕಂಬ ಮಣ್ಣಿಗೆ ತಾಗುವ ಹಾಗಿಲ್ಲ, ಕೊಳೆಯುತ್ತದೆ, ಕಾಂಕ್ರೀಟಿನ ಮೇಲೆ ಕಬ್ಬಿಣದ ಪಾದ ಇಟ್ಟು ಅದರ ಮೇಲೆ ನಿಲ್ಲಿಸುತ್ತೇವೆ ಅಂತಾನೆ. ಹಾಗಾದರೆ ಆ ಮಣ್ಣು ಎಲ್ಲಿ ಹಾಕುವುದು? ಯೆಮಿಮಾ ಬಂದು, ಕಾಂಕ್ರೀಟು ಹಸಿಯಿರುವಾಗಲೇ ಅದರೊಳಗೆ ಹಾಕಬಹುದು ಅಂದಳು. ಗುತ್ತಿಗೆದಾರ ತಲೆ ಕೆರೆದುಕೊಂಡ. ಅವಳು ಅವನಿಗೆ ಡಚ್ಚಿನಲ್ಲಿ ಏನೋ ಗಟ್ಟಿಯಾಗಿ ಅಂದಳು. ಆ ದನಿ ನಮ್ಮ ಮನೆಯದೇ.

ಕೆತ್ತನೆಯವನಿಗೆ ಲಾವಲಾತಾ ಅನ್ನುವುದರ ಕೆಳಗೆ ಹೊಸೇಯ ಅಂತಲೂ ಕೆತ್ತಲು ಹೇಳಿದ್ದೇನೆ. ಕಂಬದ ಮೇಲೆ ವಂಶದ ಹೆಸರು ಮಾತ್ರ, ಆಳಿನ ಹೆಸರು ಹಾಕುವ ಸಂಪ್ರದಾಯ ಇಲ್ಲ ಅಂದ ಬಾಪಾ ಜೇತ್.

"ಇವತ್ತಿಂದ ಇದೆ," ಅಂದೆ.

ಸೆಪ್ಟೆಂಬರ್ 15

ಕಂಬ ನಿಲ್ಲಿಸಿದರು. ಬುನಾದಿಗೆ ಮಣ್ಣು ಹಾಕಿದ್ದು ಮೊನ್ನೆ, ಅಮ್ಮನೇ ಹಾಕಿದಳು. ಕರವಸ್ತ್ರ ಕೊಡವಿ, ಮಡಿಚಿ, ಅಂಗಿಯ ತೋಳಿನೊಳಗೆ ಸೇರಿಸಿಕೊಂಡಳು. ಕಣ್ಣೀರು ಇಲ್ಲ.

ಇವತ್ತು ಗಂಡಸರೆಲ್ಲ ಹಗ್ಗ ಹಿಡಿದಿದ್ದರು. ಕ್ರೇನ್ ಇತ್ತು, ಆದರೂ ಹಗ್ಗ. ನಾಲ್ಕನೇ ಕಂಬ ಎತ್ತುವಾಗ ನನಗೆ ಅನುಮಾನ ಬಂದು ಕೂಗಿ ನಿಲ್ಲಿಸಿದೆ. ಮರದ ಬುಡ ಯಾವುದು, ತುದಿ ಯಾವುದು ನೋಡಿದಿರಾ? ಬುಡ ಮೇಲೆ ಮಾಡಿದರೆ ವಂಶ ತಲೆಕೆಳಗಾಗುತ್ತದೆ. ನೋಡಿದರೆ ಸರಿಯಾಗಿಯೇ ಇತ್ತು. ಅರ್ಧ ಗಂಟೆ ಹಾಳು ಅಂತ ನೀಲ್ ಗೊಣಗಿದ. ಹಾಳಾಗಲಿ, ಸೌಇಸಾಗಳ ಕಂಬ ಅದು, ತಲೆಕೆಳಗಾಗಿದ್ದರೆ ಜನ್ಮವೆಲ್ಲ ನಮ್ಮನ್ನು ಬೈಯುತ್ತಿದ್ದರು.

ನಮ್ಮದು ಕೊನೆಗೆ ಎದ್ದಿತು. ಆ ಮೂಲೆ.

ಬೆಳಿಗ್ಗೆಯಿಂದ ನಿಂತು ಕಾಲು ಊದಿಕೊಂಡಿದೆ. ಇಷ್ಟು ಜನಕ್ಕೆ ಊಟ ಅಂತ ಗೊತ್ತಿದ್ದೂ ಒಬ್ಬರೂ ಅನ್ನ ಇಟ್ಟಿರಲಿಲ್ಲ. ನಾನೇ ಓಡಿಬಂದು ಇಟ್ಟೆ.

ನವೆಂಬರ್ 22

ಸೂರಿಗೆ ಮರದ ಚಕ್ಕೆ ಹೊದಿಸುತ್ತಿದ್ದಾರೆ. ಗರಿ ಇಲ್ಲ. ಸೋತೆ. ಗಾಲಿಕುರ್ಚಿಗೆ ಅಂತ ಒಂದು ಇಳಿಜಾರು ಹಾಕಿದ್ದಾರೆ, ನೋಡಲು ದನದ ಲಾರಿಗೆ ಹತ್ತಿಸುವ ಹಲಗೆಯ ಹಾಗೆ. ಅದು ಬೇಡ ಅಂದಿದ್ದೆ. ಆಮೇಲೆ ಅಮ್ಮನ ಕುರ್ಚಿ ಅದರಲ್ಲೇ ಹೋಗಬೇಕು ಅಂತ ನೆನಪಾಗಿ ಸುಮ್ಮನಾದೆ. ಸೂರಿನ ಅಂಚು ನಾನು ಹೇಳಿದ ಎತ್ತರಕ್ಕೇ ಇದೆ. ಒಂದಾದರೂ.

ರಸ್ತೆಯಾಚೆಯ ಡಚ್ ಮುದುಕ ಬಂದು, ಇದರಿಂದ ನಮ್ಮ ಮನೆಗೆ ಗಲಾಟೆ ಕೇಳಿಸುವುದಿಲ್ಲವೇ ಅಂತ ಕೇಳಿದ. ಕೇಳಿಸುತ್ತೆ, ಕೇಳಿಸಲಿ ಅಂತಲೇ ಗೋಡೆ ಹಾಕಿಲ್ಲ ಅಂದೆ.

ಇಡೀ ಯೋಜನೆಗೆ ನಾನು ಇವತ್ತಿಗೂ ವಿರುದ್ಧವೇ. ಇದನ್ನು ಬರೆದಿಡುತ್ತಿದ್ದೇನೆ, ನಾಳೆ ಯಾರೂ ಬೇರೆ ಹೇಳಬಾರದು.

ನಾಳೆ ಚಕ್ಕೆ ಹೊಡೆಯುವವರ ಹಿಂದೆ ನಿಲ್ಲಬೇಕು. ಪೂರ್ವದ ಕಡೆ ಸಾಲು ಸೊಟ್ಟ ಹೋಗುತ್ತಿದೆ.

ಜನವರಿ 10, 2019

ಅಮ್ಮನಿಗೆ ಕಫ ಕಟ್ಟಿದೆ. ಇನ್ನೇನೂ ಬರೆಯಲು ಮನಸ್ಸಿಲ್ಲ.

ಜನವರಿ 31

ಜ್ವರ ಇಳಿದಿದೆ. "ಸೂರು ಪೂರ್ತಿಯಾಯ್ತಾ?" ಅಂತ ಕೇಳಿದಳು. ಆಯಿತು ಅಂದೆ. "ಹಾಗಾದ್ರೆ ತೆರೆಯೋತನಕ ಇರ್ತೀನಿ," ಅಂದಳು. ಏನು ಮಾತು ಅಂತ ಬೈದೆ.

ಮಾರ್ಚ್ 23, 2019, ಶನಿವಾರ

ಇವತ್ತು ತೆರೆದರು. ಬೆಳಿಗ್ಗೆಯಿಂದ ಸಮುದ್ರದ ಕಡೆಯ ಗಾಳಿ, ಕುರ್ಚಿ ಉರುಳಿಸುವಂಥದ್ದು.

ಎಲ್ಲಿಂದೆಲ್ಲ ಬಂದಿದ್ದರು. ಬೇರೆ ಊರಿನ ನಮ್ಮ ಕೇರಿಗಳಿಂದ ಬಸ್ಸು ಮಾಡಿಕೊಂಡು ಬಂದಿದ್ದರು. ನಗರದ ಮೇಯರ್ ಒಳಗೆ ಕಾಲಿಡುವಾಗ ತಲೆ ಬಗ್ಗಿಸುವುದು ಮರೆತು ಹಣೆ ತಗುಲಿಸಿಕೊಂಡರು. ಯೆಮಿಮಾ ನನ್ನ ಕಡೆ ನೋಡಿದಳು. ನಾನು ನಗಲಿಲ್ಲ, ಆದರೆ ಎತ್ತರ ಸರಿಯಾಗಿದೆ. ತೀಫಾ ಡೋಲು ಬಾರಿಸಿದರು. ಬಾಪಾ ಜೇತ್ ಪ್ರತಿ ಕಂಬದ ಮುಂದೆ ನಿಂತು ಆ ವಂಶದ ಹೆಸರು ಕೂಗಿದ, ಆ ಮನೆಯವರು ಓಗೊಟ್ಟರು. ನಮ್ಮ ಕಂಬಕ್ಕೆ ಬಂದಾಗ ಲಾವಲಾತಾ ಅಂದು, ಸ್ವಲ್ಪ ತಡೆದು, ಹೊಸೇಯ ಅಂದ. ಸಂಪ್ರದಾಯ ಇಲ್ಲ ಅಂದವನೇ ಅಂದ. ನೀಲ್‌ಗೂ ಮೊದಲು ನಾನು ಓಗೊಟ್ಟೆ. ಜೋರಾಗಿಯೇ ಓಗೊಟ್ಟೆ ಅಂತ ಕಾಣುತ್ತದೆ, ರಸ್ತೆಯಾಚೆಯ ಮುದುಕ ಕಿಟಕಿ ತೆಗೆದು ನೋಡಿದ.

ಭಾಷಣ ಮುಗಿಯುವ ಹೊತ್ತಿಗೆ ಗಾಳಿ ಇನ್ನೂ ಏರಿತು. ಜನ ಒಬ್ಬೊಬ್ಬರೇ ಹಿಂದಿನ ಹೀಟರ್ ಕೋಣೆಗೆ, ಊಟದ ಕಡೆಗೆ ಹೋದರು. ಅಮ್ಮ ಕದಲಲಿಲ್ಲ. ಎರಡು ಕಂಬಳಿ ಹೊದ್ದು, ಕುರ್ಚಿಯನ್ನು ನಮ್ಮ ಕಂಬಕ್ಕೆ ಒತ್ತಿ ಹಾಕಿಸಿಕೊಂಡು, ಒಂದು ಕೈಯನ್ನು ಕಂಬದ ಮೇಲಿಟ್ಟು ಕಣ್ಣು ಮುಚ್ಚಿ ಕೂತಿದ್ದಳು. ತುಟಿ ಅಲುಗುತ್ತಿತ್ತು. ನಾನು ಗಾಳಿ ಬರುವ ಕಡೆ ನಿಂತೆ, ಅಷ್ಟಾದರೂ ತಡೆಯಲಿ ಅಂತ. ಎಷ್ಟು ಹೊತ್ತು ಹಾಗೇ ಇದ್ದೆವೋ. ಯಾರನ್ನೂ ಬೈಯಬೇಕು ಅನ್ನಿಸಲಿಲ್ಲ.

ಆಗ ಬಂದ ತೀಮೆನ್. ಕೋಟಿನ ಕಾಲರ್ ಎತ್ತಿಕೊಂಡು, ಮೂಗು ಕೆಂಪು ಮಾಡಿಕೊಂಡು.

"ಕ್ಷಮಿಸಿ ಮೇಡಂ, ಇಲ್ಲಿ ತುಂಬ ಚಳಿ. ನಿಮ್ಮ ತಾಯಿಯವರನ್ನ ಒಳಗೆ ಕರ್ಕೊಂಡು ಹೋಗೋಣ್ವಾ?"

"ಎಲ್ಲಿಗೆ?"

"ಒಳಗೆ," ಅಂತ ಹಿಂದಿನ ಕೋಣೆಯ ಕಡೆ ಕೈ ತೋರಿಸಿದ.

"ಒಳಗೇ ಇದ್ದಾರಲ್ಲ," ಅಂದೆ.

ಅವನು ಸುತ್ತ ನೋಡಿದ. ನನ್ನ ಮುಖ ನೋಡಿದ. ಮತ್ತೊಂದು ಸಲ ಕ್ಷಮಿಸಿ ಅಂದು ಹೋದ.

ಒಂದು ವರ್ಷ ನಮ್ಮ ಜೊತೆ ಓಡಾಡಿದ ಮನುಷ್ಯ. ಒಳಗು ಯಾವುದು, ಹೊರಗು ಯಾವುದು, ಇಷ್ಟೂ ತಿಳಿಯುವುದಿಲ್ಲ ಅಂದರೆ ಇವರಿಗೆ ಏನು ಹೇಳುವುದು.